ಜೀವಕೋಶದಲ್ಲಿ ತಂತಿಗಳಿಲ್ಲ

ಸ್ಯಾನ್ ಹೊಸೆಯಲ್ಲೋ ಆಸ್ಟಿನ್‌ನಲ್ಲೋ ಮ್ಯೂನಿಕ್‌ನಲ್ಲೋ ಚಿಪ್ ವಿನ್ಯಾಸದ ಕೆಲಸ ಮಾಡುವ ಕನ್ನಡಿಗರಿಗೆ ವೆರಿಲಾಗ್ ಭಾಷೆಯನ್ನು ಪರಿಚಯಿಸಬೇಕಾಗಿಲ್ಲ. ಮನೆಯಲ್ಲಿ ಕನ್ನಡ ಮಾತನಾಡುವುದಕ್ಕಿಂತ ಹೆಚ್ಚು ಹೊತ್ತು ಕಚೇರಿಯಲ್ಲಿ ವೆರಿಲಾಗ್ ಬರೆಯುವವರು ಅವರಲ್ಲಿ ಅನೇಕರಿದ್ದಾರೆ. ಸರ್ಕ್ಯೂಟು ಏನು ಮಾಡಬೇಕು ಎಂಬುದನ್ನು ಆ ಭಾಷೆಯಲ್ಲಿ ಬರೆದರೆ ಸಾಕು. ಅದನ್ನು ಗೇಟುಗಳಾಗಿ, ಗೇಟುಗಳನ್ನು ಟ್ರಾನ್ಸಿಸ್ಟರುಗಳಾಗಿ ಇಳಿಸುವ ಹೊಣೆ ತಂತ್ರಾಂಶದ್ದು. 2016ರ ಏಪ್ರಿಲ್‌ನಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಪ್ರಕಟವಾದ ಪ್ರಬಂಧವೊಂದು ಇದೇ ಭಾಷೆಯನ್ನು ಸಿಲಿಕಾನಿನ ಬದಲು ಇ. ಕೋಲೈ ಬ್ಯಾಕ್ಟೀರಿಯಕ್ಕೆ ಇಳಿಸಿತು. ಎಂಐಟಿಯ ಕ್ರಿಸ್ಟೋಫರ್ ವಾಯ್ಟ್, ಬಾಸ್ಟನ್ ವಿಶ್ವವಿದ್ಯಾಲಯದ ಡಗ್ಲಸ್ ಡೆನ್ಸ್‌ಮೋರ್ ಮತ್ತು ಸಂಗಡಿಗರು ರೂಪಿಸಿದ ಆ ತಂತ್ರಾಂಶದ ಹೆಸರು ಚೆಲ್ಲೊ. ವೆರಿಲಾಗಿನ ಸಾಲುಗಳನ್ನು ಕೊಟ್ಟರೆ ಅದು ಡಿಎನ್‌ಎಯ ಅಕ್ಷರಮಾಲೆಯನ್ನು ಹೊರಡಿಸುತ್ತದೆ. ಆ ಡಿಎನ್‌ಎಯನ್ನು ತಯಾರಿಸಿ ಬ್ಯಾಕ್ಟೀರಿಯದೊಳಗೆ ಸೇರಿಸಿದರೆ, ಕೋಶವು ಲೆಕ್ಕ ಹಾಕತೊಡಗುತ್ತದೆ.

ಅವರು 60 ಸರ್ಕ್ಯೂಟುಗಳನ್ನು ವಿನ್ಯಾಸಗೊಳಿಸಿದರು. ಒಟ್ಟು 8,80,000 ಬೇಸ್ ಜೋಡಿಗಳಷ್ಟು ಡಿಎನ್‌ಎ. ಕೈಯಿಂದ ತಿದ್ದುಪಡಿ ಮಾಡದೆ, ತಂತ್ರಾಂಶ ಹೇಳಿದಂತೆಯೇ ಕಟ್ಟಿ ಪರೀಕ್ಷಿಸಿದಾಗ 45 ಸರ್ಕ್ಯೂಟುಗಳು ಎಲ್ಲ ಸ್ಥಿತಿಗಳಲ್ಲೂ ಸರಿಯಾಗಿ ನಡೆದವು. ಇದು ಸಣ್ಣ ಸಾಧನೆಯಲ್ಲ. ಒಂದೆರಡು ಗೇಟುಗಳ ಸರ್ಕ್ಯೂಟನ್ನು ಸರಿಪಡಿಸುವುದರಲ್ಲೇ ಸಂಶೋಧನಾ ವಿದ್ಯಾರ್ಥಿಗಳು ವರ್ಷಗಳನ್ನು ಕಳೆಯುತ್ತಿದ್ದ ಕ್ಷೇತ್ರ ಅದಾಗಿತ್ತು.

ಆದರೆ ಈ ಸಾಧನೆಯ ಜೊತೆಗೆ ಒಂದು ಘೋಷಣೆಯೂ ಹರಡಿತು. ಜೀವವೂ ಒಂದು ತಂತ್ರಾಂಶವೇ, ಡಿಎನ್‌ಎ ಅದರ ಕೋಡ್, ಕೋಶ ಅದರ ಯಂತ್ರ. ಚಿಪ್ಪಿನ ಉದ್ಯಮದಲ್ಲಿ ನಡೆದದ್ದೆಲ್ಲ ಇನ್ನು ಜೀವವಿಜ್ಞಾನದಲ್ಲಿ ನಡೆಯಲಿದೆ ಎಂಬ ಘೋಷಣೆ. ಹೂಡಿಕೆದಾರರಿಗೆ ಇದು ಹಿತವಾಗಿ ಕೇಳಿಸಿತು, ಸರ್ಕಾರಗಳಿಗೂ ಹಿತವಾಗಿ ಕೇಳಿಸಿತು. ವಲಸಿಗ ಕನ್ನಡಿಗರ ಸಮ್ಮೇಳನಗಳ ಉದ್ಯಮ ವೇದಿಕೆಗಳಲ್ಲಂತೂ 'ಐಟಿ ಆಯಿತು, ಮುಂದಿನದು ಬಿಟಿ' ಎಂಬ ಮಾತಿಗೆ ಚಪ್ಪಾಳೆ ತಪ್ಪಿದ್ದಿಲ್ಲ. ಈ ಘೋಷಣೆ ವಿಜ್ಞಾನವಾಗಿ ಅರ್ಧ ಸತ್ಯ. ರಾಜಕೀಯವಾಗಿ ಪೂರ್ಣ ಸುಳ್ಳು. ಆ ಸುಳ್ಳಿನ ಬೇರು ಆ ಅರ್ಧ ಸತ್ಯದಲ್ಲೇ ಇದೆ.

ವಂಶವಾಹಿಗಳು ಒಂದನ್ನೊಂದು ನಿಯಂತ್ರಿಸುತ್ತವೆ ಎಂದು 1961ರಲ್ಲಿ ಫ್ರಾನ್ಸಿನ ಜಾಕಬ್ ಮತ್ತು ಮೊನೊ ತೋರಿಸಿಕೊಟ್ಟಾಗಲೇ ಸರ್ಕ್ಯೂಟಿನ ಉಪಮೆ ಹುಟ್ಟಿತ್ತು. ಉಪಮೆ ವಿನ್ಯಾಸವಾದದ್ದು 2000ದ ಜನವರಿಯಲ್ಲಿ. 'ನೇಚರ್' ಪತ್ರಿಕೆಯ ಒಂದೇ ಸಂಚಿಕೆಯಲ್ಲಿ ಎರಡು ಪ್ರಬಂಧಗಳು ಬಂದವು. ಮೂರು ವಂಶವಾಹಿಗಳನ್ನು ಒಂದರ ಬಾಲ ಇನ್ನೊಂದು ಹಿಡಿಯುವಂತೆ ಜೋಡಿಸಿ ಪ್ರಿನ್ಸ್‌ಟನ್ನಿನ ಎಲೋವಿಟ್ಜ್ ಮತ್ತು ಲೈಬ್ಲರ್ ಮಾಡಿದ ಆಂದೋಲಕ ಒಂದು. ಎರಡು ವಂಶವಾಹಿಗಳು ಪರಸ್ಪರ ಅದುಮಿಕೊಳ್ಳುವಂತೆ ಮಾಡಿ ಬಾಸ್ಟನ್ ವಿಶ್ವವಿದ್ಯಾಲಯದ ಗಾರ್ಡ್‌ನರ್, ಕ್ಯಾಂಟರ್ ಮತ್ತು ಕಾಲಿನ್ಸ್ ಮಾಡಿದ ಸ್ವಿಚ್ಚು ಇನ್ನೊಂದು. ಆಮೇಲೆ ಎಂಜಿನಿಯರುಗಳು ಬಂದರು. ಎಂಐಟಿಯಲ್ಲಿ ಕಂಪ್ಯೂಟರುಗಳನ್ನು ಕಟ್ಟುತ್ತಿದ್ದ ಟಾಮ್ ನೈಟ್, ಡಿಎನ್‌ಎಯ ತುಂಡುಗಳನ್ನು ಮಕ್ಕಳ ಜೋಡಣೆಯ ಇಟ್ಟಿಗೆಗಳಂತೆ ಒಂದೇ ಅಳತೆಗೆ ತರುವ ದಾರಿ ಹುಡುಕಿದರು. ಯೂಟಾ ವಿಶ್ವವಿದ್ಯಾಲಯದಲ್ಲಿ ಗಡಿಯಾರದ ಮಿಡಿತವಿಲ್ಲದೆ ನಡೆಯುವ ಅಸಿಂಕ್ರನಸ್ ಸರ್ಕ್ಯೂಟುಗಳ ಬಗ್ಗೆ ಪುಸ್ತಕ ಬರೆದಿದ್ದ ಕ್ರಿಸ್ ಮೈಯರ್ಸ್, ಅದೇ ವಿಶ್ಲೇಷಣಾ ವಿಧಾನಗಳನ್ನು ವಂಶವಾಹಿಗಳ ಜಾಲಕ್ಕೆ ಹೊಂದಿಸಿ 2009ರಲ್ಲಿ ಇನ್ನೊಂದು ಪುಸ್ತಕ ಬರೆದರು. ಕೋಶಕ್ಕೂ ಗಡಿಯಾರವಿಲ್ಲ, ಆದ್ದರಿಂದ ಅಸಿಂಕ್ರನಸ್ ವಿದ್ಯೆ ಅಲ್ಲಿಗೆ ಹೊಂದೀತು ಎಂಬುದು ಸೊಗಸಾದ ಒಳನೋಟ. ಅವರ ಬಳಗದ ಐಬಯೋಸಿಮ್ ತಂತ್ರಾಂಶ ಮುಕ್ತವಾಗಿದೆ. ವಿನ್ಯಾಸಗಳನ್ನು ಪ್ರಯೋಗಾಲಯಗಳು ಹಂಚಿಕೊಳ್ಳಲು ಅನೇಕ ವಿಶ್ವವಿದ್ಯಾಲಯಗಳು ಸೇರಿ ರೂಪಿಸಿದ ಎಸ್‌ಬಿಒಎಲ್ ಎಂಬ ಮಾನಕವೂ ಮುಕ್ತವಾಗಿದೆ. ಈ ಕ್ಷೇತ್ರದಲ್ಲಿ ಹೊಗಳತಕ್ಕದ್ದೇನಾದರೂ ಇದ್ದರೆ ಮೊದಲು ಹೊಗಳಬೇಕಾದದ್ದು ಇದನ್ನೇ.

ಇನ್ನು ಅರ್ಧ ಸತ್ಯದ ಮಾತು. ಚಿಪ್ಪಿನಲ್ಲಿ ಎರಡು ಸಂಕೇತಗಳು ಒಂದರೊಡನೊಂದು ಬೆರೆಯದಿರುವುದಕ್ಕೆ ಕಾರಣ ಅವು ಬೇರೆ ಬೇರೆ ತಂತಿಗಳಲ್ಲಿ ಹರಿಯುತ್ತವೆ ಎಂಬುದು. ಎಲ್ಲ ತಂತಿಗಳಲ್ಲೂ ಹರಿಯುವುದು ಒಂದೇ ಎಲೆಕ್ಟ್ರಾನು. ಎಲ್ಲ ಗೇಟುಗಳೂ ಒಂದೇ ಬಗೆಯ ಟ್ರಾನ್ಸಿಸ್ಟರು. ಜಾಗವೇ ಅವುಗಳನ್ನು ಬೇರ್ಪಡಿಸುತ್ತದೆ. ಬ್ಯಾಕ್ಟೀರಿಯದೊಳಗೆ ತಂತಿಗಳಿಲ್ಲ. ಎಲ್ಲ ಪ್ರೋಟೀನುಗಳೂ ಒಂದೇ ಸಾರಿನಲ್ಲಿ ತೇಲುತ್ತಿರುತ್ತವೆ. ಹಾಗಾಗಿ ಒಂದು ಗೇಟಿನಲ್ಲಿ ಬಳಸಿದ ಪ್ರೋಟೀನನ್ನು ಅದೇ ಕೋಶದ ಇನ್ನೊಂದು ಗೇಟಿನಲ್ಲಿ ಬಳಸುವಂತಿಲ್ಲ. ಬಳಸಿದರೆ ಎರಡೂ ಒಂದೇ ಆಗಿಬಿಡುತ್ತವೆ. ಪ್ರತಿ ಗೇಟಿಗೂ ಹೊಸ ಪ್ರೋಟೀನು ಬೇಕು, ಅದು ಉಳಿದ ಯಾವುದರ ತಂಟೆಗೂ ಹೋಗಬಾರದು. ಚೆಲ್ಲೊ ಕಟ್ಟಿದ ಅತಿ ದೊಡ್ಡ ಸರ್ಕ್ಯೂಟಿನಲ್ಲಿ ಇಂಥ ನಿಯಂತ್ರಕಗಳಿದ್ದದ್ದು ಹತ್ತು. ಕೋಟಿಗಟ್ಟಲೆ ಟ್ರಾನ್ಸಿಸ್ಟರುಗಳ ಚಿಪ್ಪನ್ನು ದಿನನಿತ್ಯ ನೋಡುವ ಎಂಜಿನಿಯರಿಗೆ ಈ ಹತ್ತು ಎಂಬ ಸಂಖ್ಯೆ ತಮಾಷೆಯಾಗಿ ಕಾಣಬಹುದು. ಅದು ಕ್ಷೇತ್ರದ ಬಾಲ್ಯದ ಗುರುತಷ್ಟೇ ಅಲ್ಲ, ವಸ್ತುವಿನ ಸ್ವಭಾವದ ಗುರುತು.

ಅಷ್ಟೇ ಅಲ್ಲ. ಕೋಶದಲ್ಲಿ ಪ್ರೋಟೀನು ತಯಾರಿಸುವ ರೈಬೋಸೋಮುಗಳಿಗೆ ಒಂದು ಮಿತಿಯಿದೆ. ಹೊರಗಿನಿಂದ ತಂದ ಸರ್ಕ್ಯೂಟು ಅವುಗಳಲ್ಲಿ ಪಾಲು ಕೇಳುತ್ತದೆ. ಪಾಲು ಕೊಟ್ಟ ಕೋಶ ಬಡವಾಗುತ್ತದೆ, ನಿಧಾನವಾಗಿ ಬೆಳೆಯುತ್ತದೆ. ಒಂದು ಗೇಟು ಜೋರಾಗಿ ನಡೆದರೆ, ಅದಕ್ಕೆ ಯಾವ ಸಂಬಂಧವೂ ಇಲ್ಲದ ಇನ್ನೊಂದು ಗೇಟು ಸೊರಗುತ್ತದೆ. ಇಪ್ಪತ್ತು ಮೂವತ್ತು ನಿಮಿಷಕ್ಕೊಮ್ಮೆ ಎರಡಾಗುವ ಬ್ಯಾಕ್ಟೀರಿಯಗಳ ಗುಂಪಿನಲ್ಲಿ ಆಕಸ್ಮಿಕ ರೂಪಾಂತರದಿಂದ ಸರ್ಕ್ಯೂಟನ್ನು ಕಳೆದುಕೊಂಡ ಒಂದೇ ಒಂದು ಕೋಶವಿದ್ದರೆ ಸಾಕು, ಹೊರೆ ಇಳಿಸಿಕೊಂಡ ಅದು ಉಳಿದವುಗಳನ್ನು ಹಿಂದಿಕ್ಕಿ ಬೆಳೆದು ಗುಂಪನ್ನೇ ಆಕ್ರಮಿಸುತ್ತದೆ. ಯಾವ ಚಿಪ್ಪೂ ತನ್ನ ಮೇಲೆ ಕೆತ್ತಿದ ವಿನ್ಯಾಸವನ್ನು ಭಾರವೆಂದು ಬಗೆದು ಕಿತ್ತೆಸೆಯುವುದಿಲ್ಲ, ಬ್ಯಾಕ್ಟೀರಿಯ ಎಸೆಯುತ್ತದೆ. ತಳಿ ಬದಲಾದರೆ, ಉಷ್ಣಾಂಶ ಬದಲಾದರೆ, ಆಹಾರ ಬದಲಾದರೆ ಗೇಟಿನ ವರ್ತನೆಯೂ ಬದಲಾಗುತ್ತದೆ. ಚೆಲ್ಲೊ ತಂಡಕ್ಕೆ ಇದೆಲ್ಲ ಚೆನ್ನಾಗಿ ಗೊತ್ತಿತ್ತು. ವಿದ್ಯುತ್ ತಂತಿಗೆ ರಬ್ಬರು ಹೊದಿಸುವಂತೆ ಅವರು ವಂಶವಾಹಿಗಳ ನಡುವೆ ನಿರೋಧಕ ತುಣುಕುಗಳನ್ನು ಸೇರಿಸಿದರು. ಒಂದು ನಿರ್ದಿಷ್ಟ ತಳಿಗೆ, ನಿರ್ದಿಷ್ಟ ಪರಿಸ್ಥಿತಿಗೆ ತಮ್ಮ ಗೇಟುಗಳ ಅಳತೆಗಳನ್ನು ಬಿಗಿದು ಕಟ್ಟಿದರು. ಅಂದರೆ ಸಂದರ್ಭವನ್ನು ಅವರು ಅಳಿಸಿಹಾಕಲಿಲ್ಲ. ಬಹಳ ಖರ್ಚು ಮಾಡಿ, ಬಹಳ ಜನರ ದುಡಿಮೆಯಿಂದ, ಅದನ್ನು ಒಂದು ಕಡೆ ಹಿಡಿದು ನಿಲ್ಲಿಸಿದರು.

ಪ್ರಯೋಗಾಲಯದ ಒಳಗೆ ಪ್ರಾಮಾಣಿಕವಾಗಿದ್ದ ಈ ಎಚ್ಚರ ಹೊರಗೆ ಬಂದ ಕೂಡಲೇ ಮಾಯವಾಗುತ್ತದೆ. ಎಂಜಿನಿಯರಿಂಗ್ ವಿದ್ಯೆಯ ಜೀವಾಳ ಅಮೂರ್ತೀಕರಣ: ಮೇಲಿನ ಹಂತದಲ್ಲಿ ಕೆಲಸ ಮಾಡುವವನು ಕೆಳಗಿನ ಹಂತವನ್ನು ಮರೆಯಬಹುದು ಎಂಬ ಸೌಕರ್ಯ. ಸರ್ಕ್ಯೂಟು ಬರೆಯುವವನು ಟ್ರಾನ್ಸಿಸ್ಟರನ್ನು ಮರೆಯಬಹುದು. ವಂಶವಾಹಿಗಳ ಭಾಗಗಳನ್ನು ಜೋಡಿಸುವವನು ಡಿಎನ್‌ಎಯ ಅಕ್ಷರಗಳನ್ನು ಮರೆಯಬಹುದು. ಸರಿ, ಕೆಲಸ ಸಾಗಬೇಕಾದರೆ ಮರೆವು ಬೇಕು. ಆದರೆ ಈ ಮರೆವು ಅಕ್ಷರಗಳ ಬಳಿ ನಿಲ್ಲುವುದಿಲ್ಲ. ಆ ಭಾಗ ಯಾವ ಗಿಡದಿಂದ ಬಂತು, ಗಿಡ ಯಾರ ನೆಲದ್ದು, ಅದರ ಗುಣವನ್ನು ಮೊದಲು ಅರಿತವರು ಯಾರು, ಅದನ್ನು ಅಳತೆಗೆ ತಂದ ವಿದ್ಯಾರ್ಥಿಗೆ ತಿಂಗಳ ಸಂಬಳವೆಷ್ಟು, ಆ ಸಂಬಳ ಯಾವ ಇಲಾಖೆಯ ಹಣ ಎಂಬ ಪ್ರಶ್ನೆಗಳೂ ಕೆಳಗಿನ ಹಂತಕ್ಕೆ ಸೇರಿ ಅದೇ ಮರೆವಿನಲ್ಲಿ ಮುಳುಗುತ್ತವೆ. ಕೋಶದೊಳಗಿನ ಸಂದರ್ಭವನ್ನು ಮರೆತರೆ ಸರ್ಕ್ಯೂಟು ಕೆಡುತ್ತದೆ, ಪ್ರಬಂಧ ತಿರಸ್ಕೃತವಾಗುತ್ತದೆ. ಕೋಶದ ಹೊರಗಿನ ಸಂದರ್ಭವನ್ನು ಮರೆತರೆ ಯಾರಿಗೂ ಏನೂ ಕೆಡುವುದಿಲ್ಲ, ಮರೆತವರಿಗಂತೂ ಲಾಭವೇ.

ಮೊದಲು ಹಣದ ವಿಚಾರ. ವಾಷಿಂಗ್ಟನ್ನಿನ ವಿಲ್ಸನ್ ಸೆಂಟರ್ 2015ರಲ್ಲಿ ಮಾಡಿದ ಲೆಕ್ಕದಂತೆ 2008ರಿಂದ 2014ರವರೆಗೆ ಅಮೆರಿಕದ ಸರ್ಕಾರ ಸಂಶ್ಲೇಷಿತ ಜೀವವಿಜ್ಞಾನಕ್ಕೆ ಸುಮಾರು 82 ಕೋಟಿ ಡಾಲರ್ ಕೊಟ್ಟಿತ್ತು. ರಕ್ಷಣಾ ಇಲಾಖೆಯ ಸಂಶೋಧನಾ ಸಂಸ್ಥೆ ಡಾರ್ಪಾದ ಪಾಲು 2010ರಲ್ಲಿ ಹೆಚ್ಚುಕಡಿಮೆ ಸೊನ್ನೆ. 2014ರಲ್ಲಿ 10 ಕೋಟಿ ಡಾಲರಿಗೂ ಮೇಲೆ. ಈ ತಂತ್ರಜ್ಞಾನದ ಅಪಾಯಗಳನ್ನು ಅಧ್ಯಯನ ಮಾಡಲು ಸಿಕ್ಕಿದ್ದು ನೂರಕ್ಕೆ ಒಂದು ಪಾಲಿಗಿಂತಲೂ ಕಡಿಮೆ. ಚೆಲ್ಲೊ ಪ್ರಬಂಧದ ಹಿಂದೆಯೂ ಡಾರ್ಪಾದ ಹಣವಿತ್ತು. ಡಾರ್ಪಾದ ಹಣ ಬಂದ ಮಾತ್ರಕ್ಕೆ ಅಲ್ಲಿ ಅಸ್ತ್ರಗಳು ತಯಾರಾಗುತ್ತಿವೆ ಎನ್ನುವುದು ಸೋಮಾರಿ ವಾದ. ಅಂತರ್ಜಾಲಕ್ಕೂ ಅದೇ ಸಂಸ್ಥೆ ಹಣ ಕೊಟ್ಟಿತ್ತು. ಕೇಳಬೇಕಾದ ಪ್ರಶ್ನೆ ಬೇರೆ. ಯಾವ ಪ್ರಶ್ನೆಗಳು ಪ್ರಯೋಗಾಲಯಕ್ಕೆ ಪ್ರವೇಶ ಪಡೆಯುತ್ತವೆ, ಯಾವುವು ಬಾಗಿಲಲ್ಲೇ ನಿಲ್ಲುತ್ತವೆ ಎಂಬುದನ್ನು ಹಣ ಕೊಡುವವರು ತೀರ್ಮಾನಿಸುತ್ತಾರೆ. ಗೋಡೆಯಾಚೆಯ ವಿಷವನ್ನು ಪತ್ತೆಹಚ್ಚುವ ಬ್ಯಾಕ್ಟೀರಿಯಕ್ಕೆ ಸೈನ್ಯದ ಆಸಕ್ತಿ ಇರುತ್ತದೆ. ಫ್ಲೋರೈಡ್ ತುಂಬಿದ ಕೊಳವೆಬಾವಿಯ ನೀರು ಕುಡಿಯುವ ಹಳ್ಳಿಗೆ ಎರಡು ರೂಪಾಯಿಯ ಪರೀಕ್ಷಾ ಪಟ್ಟಿ ಬೇಕೆಂಬುದರಲ್ಲಿ ಯಾವ ಸೇನಾಪತಿಗೂ ಆಸಕ್ತಿ ಇಲ್ಲ.

ಹೀಗೆ ಸಾರ್ವಜನಿಕ ಹಣದಲ್ಲಿ ಬೆಳೆದ ವಿದ್ಯೆ ಖಾಸಗಿ ಸ್ವತ್ತಾಗುವ ದಾರಿಯನ್ನು 1980ರಲ್ಲೇ ಹಾಕಲಾಗಿತ್ತು. ಆ ವರ್ಷ ಅಮೆರಿಕದ ಸರ್ವೋಚ್ಚ ನ್ಯಾಯಾಲಯ ಐದಕ್ಕೆ ನಾಲ್ಕು ಮತಗಳಿಂದ, ಮನುಷ್ಯ ಮಾರ್ಪಡಿಸಿದ ಜೀವಿಗೆ ಪೇಟೆಂಟ್ ಸಿಗುತ್ತದೆ ಎಂದು ತೀರ್ಪಿತ್ತಿತು. ಆ ಬ್ಯಾಕ್ಟೀರಿಯವನ್ನು ಮಾರ್ಪಡಿಸಿದವರು ಬಂಗಾಳದಿಂದ ವಲಸೆ ಹೋಗಿ ಜನರಲ್ ಎಲೆಕ್ಟ್ರಿಕ್ ಕಂಪನಿಯಲ್ಲಿದ್ದ ವಿಜ್ಞಾನಿ ಆನಂದ ಚಕ್ರವರ್ತಿ. ವಲಸಿಗರ ಪ್ರತಿಭೆಯ ಕಥೆಗಳಲ್ಲಿ ಈ ಹೆಸರು ಹೆಮ್ಮೆಯಿಂದ ಬರುತ್ತದೆ. ತೀರ್ಪು ಯಾರ ಕೈಗೆ ಏನನ್ನು ಕೊಟ್ಟಿತೆಂಬುದು ಬರುವುದಿಲ್ಲ. ಅದೇ ವರ್ಷದ ಬೇ-ಡೋಲ್ ಕಾಯಿದೆ, ಸರ್ಕಾರದ ಹಣದಲ್ಲಿ ಆದ ಆವಿಷ್ಕಾರಗಳ ಪೇಟೆಂಟನ್ನು ವಿಶ್ವವಿದ್ಯಾಲಯಗಳು ಇಟ್ಟುಕೊಂಡು ಕಂಪನಿಗಳಿಗೆ ಪರವಾನಗಿ ಕೊಡಬಹುದೆಂದಿತು. 2013ರಲ್ಲಿ ಅದೇ ನ್ಯಾಯಾಲಯ ನಿಸರ್ಗದ ಡಿಎನ್‌ಎಗೆ ಪೇಟೆಂಟ್ ಇಲ್ಲವೆಂದಾಗ ಅನೇಕರು ನಿಟ್ಟುಸಿರಿಟ್ಟರು. ಆದರೆ ಮನುಷ್ಯ ಸಂಶ್ಲೇಷಿಸಿದ ಡಿಎನ್‌ಎಗೆ ಆ ನಿಷೇಧ ಅನ್ವಯಿಸುವುದಿಲ್ಲ. ಸರ್ಕ್ಯೂಟುಗಳೆಲ್ಲ ಸಂಶ್ಲೇಷಿತವೇ ತಾನೆ?

ಚೆಲ್ಲೊ ಪ್ರಕಟವಾದ ಮರುವರ್ಷ, ಅದರ ಸಂಶೋಧಕರಲ್ಲಿ ಕೆಲವರು ಅಸಿಮೋವ್ ಎಂಬ ಕಂಪನಿ ಸ್ಥಾಪಿಸಿದರು. 2023ರ ಆರಂಭದಲ್ಲಿ ಅದಕ್ಕೆ ಒಂದೇ ಸುತ್ತಿನಲ್ಲಿ 17.5 ಕೋಟಿ ಡಾಲರ್ ಹೂಡಿಕೆ ಬಂತು. ಇದರಲ್ಲಿ ಕಾನೂನುಬಾಹಿರವಾದದ್ದೇನೂ ಇಲ್ಲ. ಚೆಲ್ಲೊದ ಹೊಸ ಆವೃತ್ತಿಯನ್ನು ವಿಶ್ವವಿದ್ಯಾಲಯದವರು ಮುಕ್ತವಾಗಿಯೇ ಇಟ್ಟಿದ್ದಾರೆ ಎಂಬುದನ್ನೂ ಹೇಳಬೇಕು. ಪ್ರಶ್ನೆ ವ್ಯಕ್ತಿಗಳ ನೈತಿಕತೆಯದ್ದಲ್ಲ, ವ್ಯವಸ್ಥೆಯ ಇಳಿಜಾರಿನದ್ದು. ಆ ಇಳಿಜಾರಿನ ತುದಿ ಏನೆಂಬುದನ್ನು ಗಿಂಕ್ಗೊ ಬಯೋವರ್ಕ್ಸ್ ತೋರಿಸಿತು. ಟಾಮ್ ನೈಟ್ ಮತ್ತು ಅವರ ಎಂಐಟಿ ಶಿಷ್ಯರು 2008ರಲ್ಲಿ ಕಟ್ಟಿದ ಆ ಕಂಪನಿ 2021ರಲ್ಲಿ ಸುಮಾರು 1,500 ಕೋಟಿ ಡಾಲರ್ ಮೌಲ್ಯದೊಡನೆ ಷೇರುಪೇಟೆಗೆ ಬಂತು. 2024ರ ಹೊತ್ತಿಗೆ ಷೇರಿನ ಬೆಲೆ ಎಷ್ಟು ಕುಸಿದಿತ್ತೆಂದರೆ ನಲವತ್ತು ಷೇರುಗಳನ್ನು ಸೇರಿಸಿ ಒಂದು ಮಾಡಬೇಕಾಯಿತು. ಝೈಮರ್ಜೆನ್ ಮತ್ತು ಅಮೈರಿಸ್ 2023ರಲ್ಲಿ ದಿವಾಳಿ ಅರ್ಜಿ ಹಾಕಿದವು. 'ಜೀವವೇ ತಂತ್ರಾಂಶ' ಎಂಬ ಘೋಷಣೆಗೆ ಬೆಲೆ ಕಟ್ಟಿದವರು ಹೊರಬಿದ್ದರು, ಕೆಲಸ ಕಳೆದುಕೊಂಡವರು ಪ್ರಯೋಗಾಲಯದಲ್ಲಿ ಪಿಪೆಟ್ ಹಿಡಿದವರು.

ಚಿಪ್ಪಿನ ಇತಿಹಾಸವನ್ನೇ ಮಾದರಿಯಾಗಿ ಹೇಳುವವರು ಆ ಇತಿಹಾಸವನ್ನಾದರೂ ಪೂರ್ತಿ ಓದಬೇಡವೇ? ಸರ್ಕ್ಯೂಟುಗಳನ್ನು ಕಂಪ್ಯೂಟರಿನಲ್ಲಿ ಪರೀಕ್ಷಿಸುವ ಸ್ಪೈಸ್ ತಂತ್ರಾಂಶ 1970ರ ದಶಕದ ಆರಂಭದಲ್ಲಿ ಬರ್ಕ್ಲಿಯ ಸಾರ್ವಜನಿಕ ವಿಶ್ವವಿದ್ಯಾಲಯದಲ್ಲಿ ಹುಟ್ಟಿತು. ಅದು ಎಲ್ಲರಿಗೂ ಮುಕ್ತವಾಗಿ ಸಿಗಬೇಕೆಂದು ಡೊನಾಲ್ಡ್ ಪೀಡರ್ಸನ್ ಹಟ ಹಿಡಿದರು. ಇಡೀ ಉದ್ಯಮ ಆ ಹಟದ ಮೇಲೆ ನಿಂತಿದೆ. 1981ರಲ್ಲಿ ಆರಂಭವಾದ ಮೋಸಿಸ್ ವ್ಯವಸ್ಥೆ, ಹಲವು ವಿಶ್ವವಿದ್ಯಾಲಯಗಳ ವಿದ್ಯಾರ್ಥಿಗಳ ವಿನ್ಯಾಸಗಳನ್ನು ಒಂದೇ ಬಿಲ್ಲೆಯ ಮೇಲೆ ಸೇರಿಸಿ ಸರ್ಕಾರದ ಖರ್ಚಿನಲ್ಲಿ ಚಿಪ್ಪು ಮಾಡಿಸಿಕೊಟ್ಟಿತು. ಆ ಕ್ರಾಂತಿಯ ಪಠ್ಯವನ್ನು ಕಾರ್ವರ್ ಮೀಡ್ ಜೊತೆ ಬರೆದ ಲಿನ್ ಕಾನ್ವೇ, ತಾನು ಹೆಣ್ಣಾಗಿ ಬದುಕುವ ನಿರ್ಧಾರ ತಿಳಿಸಿದ್ದಕ್ಕೆ 1968ರಲ್ಲಿ ಐಬಿಎಂನಿಂದ ಹೊರದೂಡಲ್ಪಟ್ಟವರು. ಕಂಪನಿ ಕ್ಷಮೆ ಕೇಳಲು 2020ರವರೆಗೆ ಕಾಯಬೇಕಾಯಿತು. ಗ್ಯಾರೇಜಿನಲ್ಲಿ ಹುಟ್ಟಿದ ಉದ್ಯಮವೆಂಬ ಪುರಾಣದಲ್ಲಿ ಇವರಾರೂ ಬರುವುದಿಲ್ಲ.

ಈಗ ಗಿಡದ ಪ್ರಶ್ನೆ. ಮಲೇರಿಯಾ ಔಷಧ ಆರ್ಟೆಮಿಸಿನಿನ್ ಈ ಕ್ಷೇತ್ರದ ಮೊದಲ ಜಯಭೇರಿ: ಬರ್ಕ್ಲಿಯ ಜೇ ಕೀಸ್ಲಿಂಗ್ ಬಳಗಕ್ಕೂ ಅದರ ಸಹಭಾಗಿಗಳಿಗೂ 2004ರಲ್ಲಿ ಗೇಟ್ಸ್ ಪ್ರತಿಷ್ಠಾನ 4.26 ಕೋಟಿ ಡಾಲರ್ ಕೊಟ್ಟಿತು, ಯೀಸ್ಟಿನಲ್ಲಿ ಔಷಧದ ಮೂಲದ್ರವ್ಯ ತಯಾರಾಯಿತು, 2013ರಲ್ಲಿ ಸನೋಫಿ ಕಂಪನಿ ಇಟಲಿಯಲ್ಲಿ ಕಾರ್ಖಾನೆ ನಡೆಸಿತು. ಜಗತ್ತಿನ ಬೇಡಿಕೆಯ ಸುಮಾರು ಮೂರನೇ ಒಂದು ಪಾಲನ್ನು ಪೂರೈಸುವ ಆಸೆಯಿತ್ತು. 2015ರಲ್ಲಿ ಅಲ್ಲಿ ತಯಾರಾದದ್ದು ಸೊನ್ನೆ. ಚೀನಾ, ವಿಯೆಟ್ನಾಂ, ಪೂರ್ವ ಆಫ್ರಿಕಾಗಳ ರೈತರು ಬೆಳೆದ ಗಿಡದ ಔಷಧವೇ ಅಗ್ಗವಾಗಿತ್ತು. ಇದನ್ನು ರೈತರ ವಿಜಯವೆಂದು ಕುಣಿಯುವುದೂ ಸರಿಯಲ್ಲ. ಕಾರ್ಖಾನೆ ಬರಲಿದೆ ಎಂಬ ಸುದ್ದಿಯೇ ಸಣ್ಣ ಹಿಡುವಳಿಯವನ ಮುಂದಿನ ಬಿತ್ತನೆಯ ಲೆಕ್ಕವನ್ನು ಅಲ್ಲಾಡಿಸಬಲ್ಲದು. ಆ ಲೆಕ್ಕದಲ್ಲಿ ಅವನ ಮಾತು ಎಲ್ಲೂ ಇರಲಿಲ್ಲ.

ಕನ್ನಡಿಗರಿಗೆ ಇನ್ನೂ ಹತ್ತಿರದ್ದು ಶ್ರೀಗಂಧ. 1792ರಲ್ಲಿ ಟಿಪ್ಪು ಸುಲ್ತಾನ ಅದನ್ನು ರಾಜವೃಕ್ಷವೆಂದು ಸಾರಿದ. 1916ರಲ್ಲಿ ಮೈಸೂರು ಸಂಸ್ಥಾನ ಗಂಧದೆಣ್ಣೆಯ ಕಾರ್ಖಾನೆ ತೆರೆಯಿತು. ಇದರ ಸುತ್ತ ಕಟ್ಟಿದ ಹೆಮ್ಮೆಯ ಕಥೆಯಲ್ಲಿ ರೈತ ಮಾತ್ರ ಸುಖಿಯಾಗಿರಲಿಲ್ಲ. ಹೊಲದ ಬದುವಿನಲ್ಲಿ ತಾನಾಗಿ ಹುಟ್ಟಿದ ಗಂಧದ ಸಸಿ ಅವನ ಪಾಲಿಗೆ ಸರ್ಕಾರದ ಸ್ವತ್ತು; ಬೆಳೆದರೆ ಕಳ್ಳರ ಕಾಟ, ಕಡಿದರೆ ಪೊಲೀಸರ ಕಾಟ. ಭೂಮಿಯ ಒಡೆಯನೇ ಮರದ ಒಡೆಯ ಎಂದು ಕರ್ನಾಟಕದ ಕಾನೂನು ಒಪ್ಪಿದ್ದು 2001ರ ತಿದ್ದುಪಡಿಯಲ್ಲಿ. ಹಾಗೆ ಹಕ್ಕು ಸಿಕ್ಕ ಮೇಲೆ ನೆಟ್ಟ ಸಸಿಗಳು ಕಾಂಡದೊಳಗೆ ಚೇಗು ಕಟ್ಟಿಕೊಂಡು ಎಣ್ಣೆ ಕೊಡಲು ಹದಿನೈದು ವರ್ಷಗಳಾದರೂ ಬೇಕು.

ಆ ಮರಗಳು ಬೆಳೆಯುತ್ತಿದ್ದಾಗಲೇ, 2013ರಲ್ಲಿ, ಕೆನಡಾದ ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯ ಮತ್ತು ವೆಸ್ಟರ್ನ್ ಆಸ್ಟ್ರೇಲಿಯಾ ವಿಶ್ವವಿದ್ಯಾಲಯಗಳ ಸಂಶೋಧಕರು ಗಂಧದ ಪರಿಮಳದ ಮುಖ್ಯ ಅಂಶವಾದ ಸ್ಯಾಂಟಲಾಲ್‌ಗಳನ್ನು ತಯಾರಿಸುವ ಕಿಣ್ವಗಳ ವಂಶವಾಹಿಗಳನ್ನು ಗುರುತಿಸಿ ಪ್ರಕಟಿಸಿದರು. ಒಳ್ಳೆಯ ವಿಜ್ಞಾನ, ಯಾರು ಬೇಕಾದರೂ ಓದಬಹುದಾದ ಮುಕ್ತ ಪತ್ರಿಕೆಯಲ್ಲಿ. 2020ರಲ್ಲಿ ಜರ್ಮನಿಯ ಬಿಎಎಸ್‌ಎಫ್ ಕಂಪನಿ, ತಾನು ಕೊಂಡಿದ್ದ ನೆದರ್ಲೆಂಡ್ಸಿನ ಐಸೊಬಯಾನಿಕ್ಸ್ ಸಂಸ್ಥೆಯ ಮೂಲಕ, ಮುಸುಕಿನ ಜೋಳದ ಪಿಷ್ಟದಿಂದ ಹುದುಗುವಿಕೆಯ ವಿಧಾನದಲ್ಲಿ ತಯಾರಿಸಿದ ಸ್ಯಾಂಟಲಾಲನ್ನು ಭಾರತೀಯ ಗಂಧದೆಣ್ಣೆಗೆ ಪರ್ಯಾಯವೆಂದು ಮಾರುಕಟ್ಟೆಗೆ ತಂದಿತು. ಹದಿನೈದು ವರ್ಷ ಬೇಡ, ಕೆಲವು ದಿನಗಳು ಸಾಕು; ನೆಲ ಬೇಡ, ಉಕ್ಕಿನ ತೊಟ್ಟಿ ಸಾಕು.

ಇದನ್ನು ಕೇಳಿದೊಡನೆ 'ಜೈವಿಕ ದರೋಡೆ' ಎಂದು ಕೂಗುವುದು ಸುಲಭ. ಕಾಡಿನ ಗಂಧ ಅಳಿವಿನ ಅಂಚಿಗೆ ಬಂದದ್ದು ಬ್ಯಾಕ್ಟೀರಿಯದಿಂದಲ್ಲ, ಕೊಡಲಿಯಿಂದ. ತೊಟ್ಟಿಯ ಸ್ಯಾಂಟಲಾಲ್ ಕಳ್ಳಸಾಗಣೆಯ ಒತ್ತಡವನ್ನು ಕೊಂಚ ಇಳಿಸಿದರೂ ಅದು ಒಳ್ಳೆಯದೇ. ಆದರೆ ಒಮ್ಮೆ ವಂಶವಾಹಿಯ ಅಕ್ಷರಮಾಲೆ ಸಾರ್ವಜನಿಕ ಭಂಡಾರಕ್ಕೆ ಸೇರಿದ ಮೇಲೆ ಮರ ಯಾರಿಗೂ ಬೇಕಾಗಿಲ್ಲ. ಬೀಜ ಕದಿಯಬೇಕಾಗಿಲ್ಲ, ಕೊಂಬೆ ಸಾಗಿಸಬೇಕಾಗಿಲ್ಲ, ಅನುಮತಿ ಕೇಳಬೇಕಾಗಿಲ್ಲ. ಕಡತವನ್ನು ಇಳಿಸಿಕೊಂಡರೆ ಸಾಕು. ಗಡಿಯಲ್ಲಿ ಹಿಡಿಯುವುದಕ್ಕೆ ಅಲ್ಲಿ ಏನೂ ಇಲ್ಲ. 2014ರಲ್ಲಿ ಜಾರಿಗೆ ಬಂದ ನಗೋಯಾ ಒಪ್ಪಂದ ಮೂಲ ಸಮುದಾಯಗಳಿಗೆ ಲಾಭದ ಪಾಲು ಸಿಗಬೇಕೆಂದಿತು. ಅದು ಎಣಿಸಿದ್ದು ಬೀಜ, ಬೇರು, ತೊಗಟೆಗಳನ್ನು, ಕಡತವನ್ನಲ್ಲ. ಅಮೆರಿಕವಂತೂ ಜೀವವೈವಿಧ್ಯ ಒಪ್ಪಂದಕ್ಕೆ 1993ರಲ್ಲಿ ಸಹಿ ಹಾಕಿದ್ದನ್ನು ಬಿಟ್ಟರೆ ಇಂದಿಗೂ ಅನುಮೋದಿಸಿಲ್ಲ. ಕಡತದ ಪ್ರಶ್ನೆಗೆ ಉತ್ತರವಾಗಿ 2024ರಲ್ಲಿ ಕೊಲಂಬಿಯಾದ ಕಾಲಿ ನಗರದಲ್ಲಿ ಒಂದು ನಿಧಿಯನ್ನು ಒಪ್ಪಲಾಯಿತು: ಇಂಥ ಮಾಹಿತಿಯಿಂದ ಗಳಿಸುವ ದೊಡ್ಡ ಕಂಪನಿಗಳು ಲಾಭದ ಶೇ. 1 ಅಥವಾ ಆದಾಯದ ಶೇ. 0.1ರಷ್ಟನ್ನು ಕೊಡತಕ್ಕದ್ದು, ಅದರಲ್ಲಿ ಅರ್ಧದಷ್ಟಾದರೂ ಮೂಲನಿವಾಸಿಗಳಿಗೆ ಮತ್ತು ಸ್ಥಳೀಯ ಸಮುದಾಯಗಳಿಗೆ ಹೋಗತಕ್ಕದ್ದು. ಕೊಡದಿದ್ದರೆ? ಏನೂ ಇಲ್ಲ. ಅದು ಸ್ವಯಿಚ್ಛೆಯದ್ದು.

ಪ್ರಗತಿಪರ ಚಳವಳಿಯೂ ಇಲ್ಲಿ ತನ್ನನ್ನು ಕೇಳಿಕೊಳ್ಳಬೇಕಾದ ಪ್ರಶ್ನೆಗಳಿವೆ. 1992ರ ಡಿಸೆಂಬರಿನಲ್ಲಿ ರೈತ ಸಂಘ ಬೆಂಗಳೂರಿನ ಕಾರ್ಗಿಲ್ ಕಚೇರಿಗೆ ನುಗ್ಗಿದ್ದು, 1998ರಲ್ಲಿ ಪ್ರೊ. ನಂಜುಂಡಸ್ವಾಮಿಯವರ ನಾಯಕತ್ವದಲ್ಲಿ ಬಿಟಿ ಹತ್ತಿಯ ಪ್ರಯೋಗದ ಹೊಲಗಳನ್ನು ಸುಟ್ಟದ್ದು, ಬೀಜದ ಒಡೆತನವನ್ನು ಜನರ ನಾಲಗೆಯ ಮೇಲೆ ತಂದ ಘಟನೆಗಳು. 2010ರ ಬಿಟಿ ಬದನೆ ತಡೆಯ ಹಿಂದೆಯೂ ಆ ಜಾಗೃತಿಯ ಪಾಲಿದೆ. ಆದರೆ ಆ ಹೋರಾಟದ ಭಾಷೆ ಬೀಜದ ಭಾಷೆ, ಹೊಲದ ಭಾಷೆ; ಅಲ್ಲಿ ಸುಡುವುದಕ್ಕೆ ಏನೋ ಇತ್ತು. ಕಡತವನ್ನು ಸುಡಲಾಗುವುದಿಲ್ಲ. ವಂಶವಾಹಿಗಳ ಎಲ್ಲ ಕೆಲಸವೂ ಪಾಪವೆಂಬ ನಿಲುವು ವಿದೇಶದ ಪ್ರಗತಿಪರ ಕನ್ನಡಿಗರಲ್ಲಿ ಅನೇಕರಿಗೆ ಈಗಲೂ ಆರಾಮಕುರ್ಚಿಯಾಗಿದೆ. ಬ್ಯಾಕ್ಟೀರಿಯದಲ್ಲಿ ತಯಾರಾದ ಇನ್ಸುಲಿನ್ನನ್ನು ಬೆಳಿಗ್ಗೆ ಚುಚ್ಚಿಕೊಂಡು ಸಂಜೆ ಸಭೆಯಲ್ಲಿ ಜೈವಿಕ ತಂತ್ರಜ್ಞಾನವನ್ನು ಸಾರಾಸಗಟಾಗಿ ಧಿಕ್ಕರಿಸುವುದು ನಿಲುವಲ್ಲ, ಅಭ್ಯಾಸ.

ವಲಸಿಗ ಎಂಜಿನಿಯರನ ಕಥೆಯೂ ಸರ್ಕ್ಯೂಟಿನ ಬಿಡಿಭಾಗದ ಕಥೆಯಂತೆಯೇ ಇದೆ. ಎಲ್ಲಿ ಸಿಕ್ಕಿಸಿದರೂ ಕೆಲಸ ಮಾಡುವ, ಸಂದರ್ಭದ ಹಂಗಿಲ್ಲದ ಭಾಗ ತಾನೆಂದು ಅವನು ನಂಬಿದ್ದಾನೆ; ಅದಕ್ಕೆ ಅವನು ಇಟ್ಟುಕೊಂಡ ಹೆಸರು ಪ್ರತಿಭೆ. ಸರ್ಕಾರಿ ಶಾಲೆಯ ಮೇಷ್ಟ್ರು, ಕಡಿಮೆ ಶುಲ್ಕದ ಸರ್ಕಾರಿ ಸೀಟು, ಅಜ್ಜನ ಕಾಲದಿಂದ ಬಂದ ಜಮೀನು ಮತ್ತು ಜಾತಿಯ ಆಸರೆ, ಎಲ್ಲವೂ ಮರೆತ ಕೆಳಹಂತಕ್ಕೆ ಸೇರಿವೆ. ತನ್ನ ಮೂಲದ ಬಗ್ಗೆ ಇಂಥ ಮರೆವಿರುವವನಿಗೆ ವಂಶವಾಹಿಯ ಮೂಲದ ಪ್ರಶ್ನೆ ವಿಚಿತ್ರವೆನಿಸುವುದರಲ್ಲಿ ಆಶ್ಚರ್ಯವಿಲ್ಲ. ಶ್ರೀಗಂಧವಾದರೋ ಅರೆಪರಾವಲಂಬಿ: ಅದರ ಬೇರುಗಳು ಪಕ್ಕದ ಗಿಡಗಳ ಬೇರುಗಳನ್ನು ಹಿಡಿದು ನೀರು, ಪೋಷಕಾಂಶ ಎಳೆದುಕೊಳ್ಳುತ್ತವೆ. ಒಂಟಿಯಾಗಿ ನೆಟ್ಟ ಗಂಧದ ಸಸಿ ಸೊರಗುತ್ತದೆ ಎಂಬುದು ಬೆಳೆದವರಿಗೆಲ್ಲ ಗೊತ್ತು.

ಹಾಗಾದರೆ ಮಾಡಬೇಕಾದ್ದೇನು ಎಂಬ ಪ್ರಶ್ನೆಗೆ ಉತ್ತರ ತೀರ ದೊಡ್ಡದಾಗಿರಬೇಕಿಲ್ಲ. ಎಸ್‌ಬಿಒಎಲ್ ಮಾನಕದಲ್ಲಿ ಒಂದು ವಿನ್ಯಾಸ ಎಲ್ಲಿಂದ ಬಂತು, ಯಾವುದರಿಂದ ಹುಟ್ಟಿತು ಎಂಬುದನ್ನು ದಾಖಲಿಸುವ ವ್ಯವಸ್ಥೆ ಈಗಾಗಲೇ ಇದೆ. ಅದನ್ನು ಪ್ರಯೋಗಾಲಯದ ಬಾಗಿಲಿನಿಂದಾಚೆಗೆ, ಗಿಡ ಬೆಳೆದ ನೆಲದವರೆಗೆ ಎಳೆಯುವುದು ತಾಂತ್ರಿಕವಾಗಿ ಕಷ್ಟವೇನಲ್ಲ. ತಂತ್ರಾಂಶ ಬರೆಯುವವರಲ್ಲಿ ಕೆಲವರು ಹಟ ಹಿಡಿಯಬೇಕು, ಪೀಡರ್ಸನ್ ಹಿಡಿದಂತೆ. ಮೂಲ ದಾಖಲಾಗದ ಭಾಗವನ್ನು ಸಂಕಲಿಸಲು ವಿನ್ಯಾಸ ತಂತ್ರಾಂಶವೇ ನಿರಾಕರಿಸುವಂತೆ ಬರೆಯಬಹುದು. ಎರಡನೆಯದು ದುಡಿಮೆಯ ಪ್ರಶ್ನೆ. 2022ರ ನವೆಂಬರಿನಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ 48,000 ಸಂಶೋಧಕರು ಮತ್ತು ಬೋಧನಾ ಸಹಾಯಕರು ಮುಷ್ಕರ ಹೂಡಿದರು. 2024ರಲ್ಲಿ ಬಾಸ್ಟನ್ ವಿಶ್ವವಿದ್ಯಾಲಯದ ಸ್ನಾತಕೋತ್ತರ ದುಡಿಮೆಗಾರರ ಮುಷ್ಕರ ಏಳು ತಿಂಗಳು ನಡೆಯಿತು. ಗೇಟುಗಳ ಅಳತೆ ತೆಗೆಯುವವರು ಇಂಥವರೇ, ವೀಸಾದ ಭಯದಲ್ಲಿ ಬಾಯಿ ಮುಚ್ಚಿಕೊಂಡಿರುವವರೂ ಇಂಥವರೇ. ಕನ್ನಡ ಸಂಘಗಳು ಯುಗಾದಿಯ ಹೋಳಿಗೆಗೆ ಅವರನ್ನು ಕರೆಯುತ್ತವೆ. ಮುಷ್ಕರದ ದಿನಗಳಲ್ಲಿ ಒಂದು ಪಾತ್ರೆ ಬಿಸಿಬೇಳೆಬಾತನ್ನಾದರೂ ಅತ್ತ ಕಳಿಸಬಹುದಿತ್ತು.

ಮೂರನೆಯದು ಬೆಂಗಳೂರಿಗೆ ಸಂಬಂಧಿಸಿದ್ದು. 2024ರ ಆಗಸ್ಟಿನಲ್ಲಿ ಕೇಂದ್ರ ಸರ್ಕಾರ ಬಯೋಇ3 ಎಂಬ ನೀತಿಯನ್ನು ಒಪ್ಪಿ ಜೈವಿಕ ಉತ್ಪಾದನೆಗೆ ಬಾಗಿಲು ತೆರೆಯಿತು. ಅದೇ ಸರ್ಕಾರ ವರ್ಷದ ಹಿಂದೆ, 2023ರಲ್ಲಿ, ಜೀವವೈವಿಧ್ಯ ಕಾಯಿದೆಗೆ ತಿದ್ದುಪಡಿ ತಂದು ಉಲ್ಲಂಘನೆಗಿದ್ದ ಸೆರೆವಾಸವನ್ನು ತೆಗೆದುಹಾಕಿತ್ತು, ಲಾಭ ಹಂಚಿಕೆಯಿಂದ ಹಲವರಿಗೆ ವಿನಾಯಿತಿ ಕೊಟ್ಟಿತ್ತು. ಅಂತರರಾಷ್ಟ್ರೀಯ ಸಭೆಗಳಲ್ಲಿ ಕಡತದ ಪಾಲು ಕೇಳುವ ದೇಶ ಮನೆಯೊಳಗೆ ಗಿಡದ ಪಾಲನ್ನೂ ಸಡಿಲಗೊಳಿಸಿದೆ. ಹಳ್ಳಿಗಳ ಜೀವವೈವಿಧ್ಯ ನಿರ್ವಹಣಾ ಸಮಿತಿಗಳು ಕಾಗದದ ಮೇಲಿವೆ. ಬೆಂಗಳೂರಿನ ಯಾವ ಪ್ರಯೋಗಾಲಯ ಯಾವ ವಂಶವಾಹಿಯನ್ನು ಬಳಸುತ್ತಿದೆ ಎಂದು ಕೇಳುವ ಬಲ ಅವುಗಳಿಗೆ ಬಂದಿಲ್ಲ. ವಿದೇಶದಲ್ಲಿ ಕೂತು ಬೆಂಗಳೂರಿನ ಹೊಸ ಕಂಪನಿಗಳಿಗೆ ಹಣ ಹೂಡುವ ಕನ್ನಡಿಗರು ಆ ಪ್ರಶ್ನೆಯನ್ನು ಹೂಡಿಕೆಯ ಕರಾರಿನಲ್ಲೇ ಸೇರಿಸಬಹುದು. ಲಾಭದ ಪ್ರಮಾಣವನ್ನು ದಶಾಂಶದವರೆಗೆ ಕೇಳುವವರಿಗೆ ಗಿಡದ ಊರನ್ನು ಕೇಳುವುದು ಭಾರವಾಗಬಾರದು.

2009ರಲ್ಲಿ ಬೆಂಗಳೂರಿನ ಸೃಷ್ಟಿ ಕಲಾಶಾಲೆಯ ವಿದ್ಯಾರ್ಥಿಗಳು ಎಂಐಟಿಯಲ್ಲಿ ನಡೆದ ಐಜೆಮ್ ಸ್ಪರ್ಧೆಗೆ ಹೋಗಿದ್ದರು. ಎಂಜಿನಿಯರುಗಳ ಆ ಜಾತ್ರೆಯಲ್ಲಿ ಈ ಚಿತ್ರಕಲೆಯ ಮಕ್ಕಳು ಒಯ್ದದ್ದು ಜಿಯೋಸ್ಮಿನ್ ತಯಾರಿಸುವ ಬ್ಯಾಕ್ಟೀರಿಯವನ್ನು. ಮೊದಲ ಮಳೆಗೆ ನೆಲದಿಂದೇಳುವ ವಾಸನೆ ಅದು. ಔಷಧವಲ್ಲ, ಅಸ್ತ್ರವಲ್ಲ, ಮಾರುವುದಕ್ಕೂ ಅಲ್ಲ. ಅದೇ ಪ್ರಯೋಗಾಲಯದ ಸಲಕರಣೆಗಳಿಂದ, ಅದೇ ವಿಧಾನಗಳಿಂದ, ಹಣ ಕೊಡುವ ಯಾವ ಇಲಾಖೆಯೂ ಕೇಳದ ಒಂದು ಪ್ರಶ್ನೆಯನ್ನು ಅವರು ಕೇಳಿದ್ದರು.